ಎಡಭುಜದ ಎರಡು ಪದರ

ಟಿವಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಡೋಣ ಎಂದದ್ದು ಹಾಲಿನಕ್ಕ. ಒಳಗಿನ ಕೋಣೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ನಿಲ್ಲಬೇಕು. ಟೈಲರ್ ಮಾಸ್ಟರ ಅಂಗಡಿಯಾದರೆ ರಸ್ತೆಯ ಕಡೆಯ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ. ಬೇಕಾದರೆ ಅರ್ಧ ಊರು ನಿಂತು ನೋಡಬಹುದು.

ಅರ್ಧ ಊರೇನೂ ಬರಲಿಲ್ಲ. ಬೆಳಗಿನ ಆರೂವರೆಗೆ ಹಸು, ಗದ್ದೆ ಬಿಟ್ಟು ಬರುವವರು ಎಷ್ಟು ಜನ? ಹಾಲಿನಕ್ಕ ತನ್ನ ಎರಡು ಕ್ಯಾನುಗಳ ಸಮೇತ ಬಂದು ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದ ಸೈಕಲ್ ರಿಪೇರಿಯವನು ಬಂದಿದ್ದ. ಟ್ಯೂಬಿಗೆ ತೇಪೆ ಹಾಕುವುದು ಅವನ ಕಸುಬು; ಆದರೆ ಯಾರಾದರೂ ಉಬ್ಬಿ ಮಾತಾಡಿದರೆ ಅದರ ಗಾಳಿ ತೆಗೆಯುವುದು ಅವನ ಸ್ವಭಾವ. ಎರಡೂ ಸೇರಿ ಅವನಿಗೆ ಪಂಕ್ಚರ್ ಎಂಬ ಹೆಸರು ಅಂಟಿಕೊಂಡಿತ್ತು. ಟೈಲರ್ ಮಾಸ್ಟರ ಹೆಂಡತಿಯ ತಮ್ಮನ ಮಗಳು, ಕಾಲೇಜು ಓದುವವಳು, ರಜೆಗೆಂದು ಬಂದಿದ್ದಳು. ಅವಳು ಮೊಬೈಲು ಹಿಡಿದು ಎರಡನೇ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂರಲು ಹೋದಳು.

"ಅಲ್ಲಿ ಬೇಡ, ಇಲ್ಲಿ ಬಾ," ಎಂದಳು ಅತ್ತೆ. ಆ ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಹುಡುಗಿ ತುಟಿ ಕಚ್ಚಿಕೊಂಡು ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು.

ಆ ಯಂತ್ರ ಮಗನದು. ಒಂದೂವರೆ ವರ್ಷದ ಹಿಂದೆ ಕಾಮಾಲೆ ಬಂದು ಒಂಬತ್ತೇ ದಿನಕ್ಕೆ ಹೋದ. ಇಪ್ಪತ್ತಾರು ವರ್ಷ. ಅಂದಿನಿಂದ ಮಾಸ್ಟರು ಕತ್ತರಿ ಮುಟ್ಟಿರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವರು, ಗುಡಿಸುವರು, ಟೇಪನ್ನು ಕೊರಳಿಗೆ ಹಾಕಿಕೊಳ್ಳುವರು, ಸುಮ್ಮನೆ ಕೂರುವರು. ಬಂದವರಿಗೆ "ಈಗ ಆಗಲ್ಲ" ಎನ್ನುವರು. ಮಗನ ಹೆಸರನ್ನಂತೂ ಬಾಯಲ್ಲಿ ತಂದದ್ದಿಲ್ಲ. ಹೆಂಡತಿ ಅತ್ತು ಅತ್ತು ಕೊನೆಗೊಂದು ದಿನ ಎದ್ದು ನೀರು ಸೇದಿ ಕೆಲಸಕ್ಕೆ ನಿಂತಳು. ಅವರು ಅಳಲೂ ಇಲ್ಲ, ಏಳಲೂ ಇಲ್ಲ.

ಹಾಗಿರುವಾಗ ನಗರದ ಉಡುಪಿನ ಕಂಪನಿಯವರು ಬಂದರು. ಕ್ರೀಡಾಕೂಟಕ್ಕೆ ಹೋಗುವ ನಮ್ಮ ದೇಶದ ತಂಡಕ್ಕೆ ಕೋಟುಗಳು ಬೇಕಾಗಿದ್ದವು. ಹೆಚ್ಚಿನವನ್ನು ಕಾರ್ಖಾನೆಯಲ್ಲೇ ಹೊಲಿಸುತ್ತಿದ್ದರು. ಹನ್ನೊಂದನ್ನು ಮಾತ್ರ ಕೈಕೆಲಸದವರಿಂದ ಮಾಡಿಸಬೇಕಿತ್ತು. ಕೋಟಿನ ಭುಜ ಕೂರಿಸುವುದರಲ್ಲಿ ಈ ಮಾಸ್ಟರನ್ನು ಮೀರಿಸುವವರಿಲ್ಲ ಎಂದು ಯಾರೋ ಹೇಳಿದ್ದರಂತೆ. ಮಾಸ್ಟರು ಎಂದಿನಂತೆ "ಈಗ ಆಗಲ್ಲ" ಎನ್ನುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು, "ಆಗತ್ತೆ, ಕೊಟ್ಟು ಹೋಗಿ" ಎಂದುಬಿಟ್ಟಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಗಂಡನ ಮಾತನ್ನು ಆಕೆ ದಾಟಿದ್ದು ಅದೇ ಮೊದಲು. ಈ ಹನ್ನೊಂದು ಕೋಟು ಹೊಲಿದರೆ ಇವರು ಮತ್ತೆ ಮನುಷ್ಯರಾಗುತ್ತಾರೆ. ಇದೂ ಆಗದಿದ್ದರೆ ಆ ಕತ್ತರಿ ಮತ್ತೆ ಮೇಲೇಳುವುದಿಲ್ಲ. ಆಕೆಯ ಲೆಕ್ಕ ಅಷ್ಟೇ ಇತ್ತು.

ಮಾಸ್ಟರು ಹೊಲಿದರು. ಎರಡು ತಿಂಗಳು ತೆಗೆದುಕೊಂಡರು. ಧ್ವಜ ಹಿಡಿದು ಮುಂದೆ ನಡೆಯುವವನ ಕೋಟನ್ನು ಕೊನೆಗೆ ಇಟ್ಟುಕೊಂಡು ನಾಲ್ಕು ದಿನ ಅದೊಂದರ ಮೇಲೇ ಬಗ್ಗಿದ್ದರು. ಕಾಜ ಮಾಡಿ ಗುಂಡಿ ಕೂರಿಸಿದ್ದು ಹೆಂಡತಿ. ಒಂದೇ ಕೊರತೆ, ಟ್ರಯಲ್ ನೋಡಲು ಮೈ ಇರಲಿಲ್ಲ. ಆಟಗಾರರು ಬರುವಂತಿರಲಿಲ್ಲ, ಅಳತೆ ಚೀಟಿ ಮಾತ್ರ ಬಂದಿತ್ತು. ಮೊದಲಾದರೆ ಯಾವ ಕೋಟಾದರೂ ಮಗನಿಗೇ ತೊಡಿಸಿ ನಿಲ್ಲಿಸುತ್ತಿದ್ದರು. ಚಿಕ್ಕವನಿದ್ದಾಗ ಹುಲ್ಲಿನ ಗಾಡಿಯ ಮೇಲಿಂದ ಬಿದ್ದು ಅವನ ಎಡಭುಜದ ಎಲುಬು ಮುರಿದಿತ್ತು; ಕೂಡಿಕೊಂಡಾಗ ಭುಜ ಒಂದು ಬೆರಳಷ್ಟು ತಗ್ಗಿಗೆ ಇಳಿದಿತ್ತು. "ನಿನ್ನ ಎಡಗಡೆ ಲೆಕ್ಕಕ್ಕಿಲ್ಲ ಬಿಡು," ಎನ್ನುತ್ತಾ ಮಾಸ್ಟರು ಬಲಗಡೆ ಮಾತ್ರ ನೋಡುತ್ತಿದ್ದರು. "ಹಾಗಾದ್ರೆ ನಂಗೆ ಅರ್ಧ ಊಟ ಹಾಕ್ತೀಯಾ?" ಎಂದು ಅವನು ನಿಂತಲ್ಲೇ ಕೇಳುತ್ತಿದ್ದ.

ಈಗ ಪರದೆಯ ಮೇಲೆ, ಕ್ರೀಡಾಕೂಟದ ಉದ್ಘಾಟನೆಯಲ್ಲಿ, ದೇಶಗಳು ಸಾಲಾಗಿ ಬರುತ್ತಿದ್ದವು. ಮೊದಲು ನಗಾರಿಯವರು ಬಂದು ಹೋಗಿದ್ದರು, ಸಾವಿರ ಜನ ಸೇರಿ ಒಂದು ದೊಡ್ಡ ಹೂವಾಗಿ ಅರಳಿ ಮುಚ್ಚಿದ್ದರು.

"ಇಷ್ಟು ಜನಕ್ಕೆ ಮುಂಜಾನೆ ಟೀ ಕಾಯಿಸೋರು ಯಾರು ಅಂತೀನಿ," ಎಂದಳು ಹಾಲಿನಕ್ಕ.

"ಅಲ್ಲಿ ಈಗ ಸಂಜೆ ಕಣಕ್ಕ," ಎಂದ ಪಂಕ್ಚರ್.

"ಸಂಜೆ ಟೀ ಕುಡಿಯಲ್ವಾ?"

ಮೂರೇ ಜನರ ಒಂದು ತಂಡ ಬಂತು. ಅಷ್ಟು ದೊಡ್ಡ ಬಯಲಿನಲ್ಲಿ ಮೂವರೂ ಒಬ್ಬರಿಗೊಬ್ಬರು ಅಂಟಿಕೊಂಡಂತೆ ನಡೆಯುತ್ತಾ ಎರಡೂ ಕೈ ಬೀಸಿದರು. "ಪಾಪ, ಜೊತೆಗೆ ಯಾರಾದ್ರೂ ದೊಡ್ಡೋರನ್ನ ಕಳಿಸಬಾರದಿತ್ತಾ," ಎಂದು ಹಾಲಿನಕ್ಕ ತಾನೂ ಕೈ ಬೀಸಿದಳು. ಆಮೇಲೆ ಇನ್ನೂರು ಜನರ ತಂಡವೊಂದು ಹಳದಿ ಬಟ್ಟೆಯಲ್ಲಿ ಬಂದಾಗ ಪಂಕ್ಚರ್, "ಕಿಟಕಿ ಪರದೆ ಎಲ್ಲಾ ಬಿಚ್ಕೊಂಡು ಬಂದವ್ರೆ. ಅವರ ಮನೇಲಿ ಈಗ ಬಿಸಿಲು ಹೊಡೀತಿರತ್ತೆ," ಎಂದ. ಎಲ್ಲರೂ ನಕ್ಕರು. ಮಾಸ್ಟರ ಮುಖದ ಮೇಲೂ ನಗುವಿನಂಥದ್ದು ಸುಳಿದದ್ದನ್ನು ಹೆಂಡತಿ ಓರೆಗಣ್ಣಿನಲ್ಲಿ ನೋಡಿದಳು. ಅವರು ಬೆಳಿಗ್ಗೆಯೇ ಸ್ನಾನ ಮಾಡಿ ಒಗೆದ ಅಂಗಿ ತೊಟ್ಟಿದ್ದರು. ಆಕೆಯ ಎದೆ ಹಗುರಾಯಿತು.

"ಮಾವಾ, ಮುಂದಿಂದು ನಮ್ದೇ!" ಎಂದು ಹುಡುಗಿ ಕೂಗಿದಳು.

ಹಾಲಿನಕ್ಕ ಎದ್ದು ನಿಂತಳು. ಬಯಲಿನ ಬಾಯಿಂದ ಮೊದಲು ಧ್ವಜ ಕಂಡಿತು, ಆಮೇಲೆ ಅದನ್ನು ಹಿಡಿದವನು. ಎತ್ತರದ ಆಳು, ನಗುಮುಖ. ಕಡುನೀಲಿ ಕೋಟು. ಪಂಕ್ಚರ್ ಕೂಡ ಚಪ್ಪಾಳೆ ಹೊಡೆದ. ಕ್ಯಾಮೆರಾ ಹತ್ತಿರ ಹೋಯಿತು.

ಕೋಟಿನ ಬಲಭುಜ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಕೂತಿತ್ತು. ಎಡಭುಜ ಎದ್ದು ನಿಂತಿತ್ತು. ಒಳಗೆ ಏನನ್ನೋ ಬಚ್ಚಿಟ್ಟುಕೊಂಡವನಂತೆ ಆ ಕಡೆ ಉಬ್ಬಿ, ಕಾಲರು ಕುತ್ತಿಗೆ ಬಿಟ್ಟು ದೂರ ಸರಿದಿತ್ತು. ಧ್ವಜ ಎತ್ತಿದಾಗಲೆಲ್ಲ ಉಬ್ಬು ಅವನ ಕಿವಿಯ ಹತ್ತಿರಕ್ಕೆ ಹೋಗುತ್ತಿತ್ತು. ಟಿವಿಯಲ್ಲಿ ಮಾತಾಡುತ್ತಿದ್ದವನು ಒಂದು ಕ್ಷಣ ತಡವರಿಸಿ, "ನಮ್ಮ ಧ್ವಜಧಾರಿಯ ಕೋಟು ಅವಸರದಲ್ಲಿ ಬಾಡಿಗೆಗೆ ತಂದ ಹಾಗಿದೆ!" ಎಂದು ನಕ್ಕ. ಅವನ ಜೊತೆಯವಳೂ ನಕ್ಕಳು.

"ಒಂದ್ಕಡೆ ಗಾಳಿ ಜಾಸ್ತಿ ಆಗೋಗಿದೆ..." ಎಂದ ಪಂಕ್ಚರ್, ಬಾಯಿಗೆ ಬಂದ ಅಭ್ಯಾಸಕ್ಕೆ. ಹೇಳಿ ಮುಗಿಸುವಷ್ಟರಲ್ಲಿ ಕೋಟು ಯಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಹುಡುಗಿ ಅಭ್ಯಾಸಬಲದಿಂದ ಮೊಬೈಲು ನೋಡಿ ಬೇಗನೆ ಅದನ್ನು ತಿರುಗಿಸಿ ತೊಡೆಯ ಮೇಲಿಟ್ಟಳು.

"ಏನು ಬರೀತಿದಾರೆ?" ಎಂದು ಮಾಸ್ಟರು ಕೇಳಿದರು.

"ಏನಿಲ್ಲ ಮಾವ. ಸುಮ್ನೆ, ಕೆಲಸ ಇಲ್ದೋರು."

"ಓದು."

"ಬೇಡ ಮಾವ."

ಹೆಂಡತಿ ಗಂಡನ ಕಡೆ ನೋಡಿರಲಿಲ್ಲ. ಅವಳ ಕಣ್ಣು ಆ ಉಬ್ಬಿನ ಮೇಲೇ ಇತ್ತು. ಆ ಎತ್ತರ ಆಕೆಗೆ ಗೊತ್ತು. ಬೆರಳಿನಿಂದ ಅಳೆದು ಹೇಳಬಲ್ಲಳು. ಮಗನಿಗೆ ಹೊಲಿದ ಪ್ರತಿ ಕೋಟಿನಲ್ಲೂ, ಪ್ರತಿ ಅಂಗಿಯಲ್ಲೂ, ಎಡಭುಜದ ಒಳಗೆ ಅವನಪ್ಪ ಎರಡು ಪದರ ಹತ್ತಿ ಹೆಚ್ಚಿಗೆ ಇಡುತ್ತಿದ್ದರು. ಅದನ್ನು ತೊಟ್ಟು ಹೊರಗೆ ಹೋದರೆ ಅವನ ಭುಜ ತಗ್ಗೆಂದು ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಅಲ್ಲಿ ಅಷ್ಟು ಜನರ ಮುಂದೆ ಎದ್ದು ನಿಂತಿದ್ದ ಆ ಎತ್ತರ ಮಗನ ತಗ್ಗು. ತುಂಬಲು ಅವನಿಲ್ಲದೆ ಮೇಲೆದ್ದಿತ್ತು.

ಪರದೆಯಲ್ಲಿ ಮುಂದಿನ ದೇಶ ಬಂತು.

ಹಾಲಿನಕ್ಕ ಕ್ಯಾನು ಎತ್ತಿಕೊಂಡಳು. "ಬಣ್ಣ ಮಾತ್ರ ಎದ್ದು ಕಾಣ್ತಿತ್ತು ಮಾಸ್ಟ್ರೇ. ಉಳಿದ ಹತ್ತು ಎಷ್ಟು ಚೆನ್ನಾಗಿ ಕೂತಿದ್ವು, ನಾನು ನೋಡ್ದೆ," ಎಂದಳು. ಪಂಕ್ಚರ್ ಹೊರಗೆ ಹೋಗಿ ಮತ್ತೆ ಒಳಗೆ ಬಂದು, "ಅಣ್ಣ, ನನ್ನ ಬಾಯಿಗೆ ಬೆಂಕಿ ಬೀಳ," ಎಂದ. ಮಾಸ್ಟರು "ಇದ್ದದ್ದು ಹೇಳ್ದೆ, ಹೋಗು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಹುಡುಗಿ ಟಿವಿಯ ಶಬ್ದ ಪೂರ್ತಿ ತಗ್ಗಿಸಿ ಒಳಗೆ ಹೋದಳು. ಎಲ್ಲರೂ ಹೋದ ಮೇಲೆ ಮಾಸ್ಟರು ಮೇಜಿನ ಡ್ರಾಯರಿನಿಂದ ಅಳತೆ ಚೀಟಿ ತೆಗೆದರು. ಎದೆ ನಲವತ್ತು. ಸೊಂಟ ಮೂವತ್ತನಾಲ್ಕು. ಭುಜ ಹದಿನೆಂಟೂವರೆ. ಕೆಳಗೆ ಯಾರೋ ಗುಂಡು ಅಕ್ಷರದಲ್ಲಿ ಬರೆದಿದ್ದರು: ಎರಡೂ ಭುಜ ಸಮ. ಅವರು ಆ ಸಾಲನ್ನು ಬೆರಳಿಟ್ಟು ಓದಿದರು.

"ಅಳತೆ ಎಲ್ಲಾ ನಮ್ಮವನದೇ ಕಣೇ," ಎಂದರು. "ಎದೆ, ಸೊಂಟ, ಭುಜ. ಕೊನೇ ಸಾಲು ನಾನು ಓದಿರಲಿಲ್ಲ ಅಂತಲ್ಲ. ಓದಿದ್ದೆ. ಆದರೆ ಹತ್ತಿ ಇಡೋವಾಗ ಕೈ ತಾನೇ ಹೋಗಿಬಿಟ್ಟಿದೆ. ನಂಗೆ ಗೊತ್ತೇ ಆಗ್ಲಿಲ್ಲ."

ಅವರು ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದರು. ಆಮೇಲೆ ಮಗನ ಹೆಸರು ಹಿಡಿದು ಒಂದೇ ಒಂದು ಸಲ ಕರೆದರು, ಬೀದಿಯಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕರೆದ ಹಾಗೆ. ಆಕೆ ಹೋಗಿ ರಸ್ತೆಯ ಕಡೆಯ ಬಾಗಿಲು ಮುಂದೆ ಮಾಡಿ ಬಂದಳು. ಒಂದೂವರೆ ವರ್ಷ ತಡೆದದ್ದು ಒಂದೇ ಸಲ ಬಂತು. ಆಕೆ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು, ಅಳು ಮುಗಿಯುವವರೆಗೂ, ಶಬ್ದವಿಲ್ಲದ ಟಿವಿಯಲ್ಲಿ ಯಾರು ಯಾರೋ ಕೈ ಬೀಸಿಕೊಂಡು ಹೋಗುವುದನ್ನು ನೋಡುತ್ತಾ ಕೂತಳು.

ಮಧ್ಯಾಹ್ನ ಕಂಪನಿಯ ಮೇಲ್ವಿಚಾರಕ ಫೋನು ಮಾಡಿದ. ಬಯ್ಯುತ್ತಾನೆಂದು ಹೆಂಡತಿ ಅಂದುಕೊಂಡಿದ್ದಳು; ಪಕ್ಕದಲ್ಲಿ ನಿಂತ ಆಕೆಗೂ ಕೇಳುತ್ತಿದ್ದ ಅವನ ದನಿ ದಣಿದಿತ್ತು.

"ಮುಕ್ತಾಯದ ದಿನ ಅದೇ ಕೋಟು ಹಾಕ್ಕೋಬೇಕು ಮಾಸ್ಟ್ರೇ. ಇಲ್ಲೊಬ್ಬ ಟೈಲರ್ ಇದಾನೆ, ಬಿಚ್ಚೋಕೆ ಹೆದರ್ತಾನೆ. ನಿಮ್ಮ ಹೊಲಿಗೆ ಎಲ್ಲಿಂದ ಶುರುವಾಗತ್ತೆ ಅಂತಲೇ ಕಾಣಲ್ವಂತೆ. ಒಳಗೆ ಏನಿದೆ? ಏನ್ ಮಾಡ್ಲಿ?"

ಮಾಸ್ಟರು ಎದ್ದು ನಿಂತು ಮಾತಾಡಿದರು. "ಎಡ ತೋಳಿನ ಮೇಲ್ಗಡೆ, ಅಸ್ತರಿನ ಒಳಗೆ, ನಾಲ್ಕು ಬೆರಳು ಹೊಲಿಗೆ ಬಿಚ್ಚೋಕೆ ಹೇಳಿ. ಮೂರು ಪದರ ಹತ್ತಿ ಇದೆ. ಮೇಲಿನ ಎರಡು ತೆಗೀಲಿ. ಒಂದು ಇರಲಿ. ಬಟ್ಟೆ ಕತ್ತರಿಸೋದು ಬೇಡ, ಮಿಕ್ಕಿದ್ದನ್ನ ಒಳಗೇ ಮಡಚಿ ಹೊಲೀಲಿ." ಆಮೇಲೆ, "ನಿಧಾನಕ್ಕೆ ಬಿಚ್ಚಲಿ. ಎಳೀಬಾರದು," ಎಂದರು.

"ಸರಿ ಮಾಸ್ಟ್ರೇ. ಆ ಹತ್ತಿ ಏನ್ ಮಾಡ್ಲಿ, ಬಿಸಾಕ್ಲಾ?"

ಮಾಸ್ಟರು ಫೋನನ್ನು ಕಿವಿಗೆ ಒತ್ತಿಕೊಂಡೇ ಹೆಂಡತಿಯ ಮುಖ ನೋಡಿದರು.

"ಹೂಂ," ಎಂದರು.

ಮಾರನೇ ದಿನ ಪಂಕ್ಚರ್ ಒಂದು ಪ್ಯಾಂಟಿನ ಬಟ್ಟೆ ಹಿಡಿದು ಬಂದ. ಅವನಿಗೆ ಪ್ಯಾಂಟು ಬೇಕಾಗಿರಲಿಲ್ಲ. ಮೂವರಿಗೂ ಅದು ಗೊತ್ತಿತ್ತು. ಮಾಸ್ಟರು ಅಳತೆ ತೆಗೆದು ಬರೆದರು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೀಟು ಎಳೆದರು. ಕತ್ತರಿ ಎತ್ತಿಕೊಂಡರು. ಹಾಗೇ ನಿಂತರು. ಆಮೇಲೆ ಅದರ ಹಿಡಿಯನ್ನು ಹೆಂಡತಿಯ ಕಡೆ ತಿರುಗಿಸಿ ಚಾಚಿದರು.

"ನೀನು ಕತ್ತರಿಸು. ನಾನು ಕಾಜ ಮಾಡ್ತೀನಿ."

"ನಂಗೆಲ್ಲಿ ಬರತ್ತೆ ರೀ?"

"ಮೂವತ್ತು ವರ್ಷ ನೋಡಿದೀಯ. ಗೀಟಿನ ಮೇಲೆ ಹೋಗು. ಈ ಕೈಗೆ ಇನ್ಮೇಲೆ ಯಾವ ಅಳತೆ ಕೊಟ್ರೂ ಒಂದೇ ಮೈ ಗೊತ್ತಿರೋದು."

ಆಕೆ ಬಯಸಿದ್ದು ಇದಲ್ಲ. ಆದರೂ ಕತ್ತರಿ ತೆಗೆದುಕೊಂಡಳು. ಅದು ಭಾರವಾಗಿತ್ತು, ಬೆರಳು ಹೋಗುವ ಜಾಗ ಅವರ ಬೆರಳಿಗೆ ಸವೆದಿತ್ತು. ಅವರು ಕಿಟಕಿಯ ಬಳಿ, ಇಷ್ಟು ವರ್ಷ ಆಕೆ ಕೂರುತ್ತಿದ್ದ ಮಣೆಯ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿಕೊಂಡರು.

ಎರಡು ವಾರದ ಮೇಲೆ ಮುಕ್ತಾಯ ಸಮಾರಂಭ ಬಂತು. ಅದನ್ನು ನೋಡಲು ಯಾರೂ ಬರಲಿಲ್ಲ. ಹುಡುಗಿ ರಜೆ ಮುಗಿಸಿ ಹೋಗಿದ್ದಳು. ಕೋಟಿನ ನಗೆಯನ್ನು ಜನ ಮೂರನೇ ದಿನಕ್ಕೇ ಮರೆತಿದ್ದರು. ಗಂಡ ಹೆಂಡತಿ ಇಬ್ಬರೇ ಒಳಗಿನ ಕೋಣೆಯಲ್ಲಿ, ಗೋಡೆಗೆ ಒರಗಿ ಕೂತು ನೋಡಿದರು. ಧ್ವಜಗಳೆಲ್ಲ ಒಟ್ಟಿಗೇ ಬಂದವು. ಹುಡುಕಬೇಕಾಯಿತು.

"ಅಗೋ," ಎಂದರು ಮಾಸ್ಟರು.

ಎತ್ತರದ ಆಳು, ಅದೇ ನಗುಮುಖ. ಕಡುನೀಲಿ ಕೋಟು ಎರಡೂ ಕಡೆ ಸಮನಾಗಿ, ಮೈಯ ಜೊತೆ ಹುಟ್ಟಿದ ಹಾಗೆ ಕೂತಿತ್ತು. ಕಾಲರು ಕುತ್ತಿಗೆಗೆ ಒತ್ತಿಕೊಂಡಿತ್ತು. ಟಿವಿಯವನು ಕೋಟಿನ ಬಗ್ಗೆ ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ.

"ಸರಿಯಾಗಿ ಕೂತಿದೆ," ಎಂದರು ಮಾಸ್ಟರು.

"ಹೂಂ," ಎಂದಳು ಆಕೆ.

ಅವನು ಗುಂಪಿನಲ್ಲಿ ಸೇರಿಹೋಗುವವರೆಗೂ ಆಕೆಯ ಕಣ್ಣು ಆ ಎಡಭುಜದ ಮೇಲೇ ಹುಡುಕುತ್ತಿತ್ತು. ಅಲ್ಲಿ ಈಗ ಯಾರೂ ಇರಲಿಲ್ಲ.