ಶುಕ್ರವಾರದ ಆಕ್ಷೇಪಣೆ

ಬರ್ನಾರ್ಡ್ ಹೋಲ್ಡನ್ ಸಂಸತ್ತಿನ ಹಿಂದಿನ ಬೆಂಚಿನಲ್ಲೇ ತಲೆ ನರೆಸಿಕೊಂಡ ಮನುಷ್ಯ. ಮಂತ್ರಿಗಿರಿಯ ಆಸೆ ತೋರಿಸಿ ತೋರಿಸಿ ಪಕ್ಷ ಅವನಿಗೆ ಕೊಟ್ಟದ್ದು ಒಂದೇ ಕೆಲಸ. ಶುಕ್ರವಾರ ಮಧ್ಯಾಹ್ನ, ಸದಸ್ಯರೆಲ್ಲ ಊರಿನ ರೈಲು ಹಿಡಿಯುವ ಹೊತ್ತಿಗೆ, ಉಳಿದ ಖಾಸಗಿ ಮಸೂದೆಗಳ ಹೆಸರನ್ನು ಗುಮಾಸ್ತ ಒಂದೊಂದಾಗಿ ಓದುತ್ತಾನೆ. ಯಾರೂ ತುಟಿ ಬಿಚ್ಚದಿದ್ದರೆ ಮಸೂದೆ ಪಾಸು; ಯಾರಾದರೂ ಕೂತಲ್ಲಿಂದಲೇ 'ಆಕ್ಷೇಪಣೆ' ಎಂದರೆ ಸಾಕು, ಅಂದಿಗೆ ಅದರ ಕಥೆ ಮುಗಿಯಿತು. ಕಾರಣ ಕೊಡಬೇಕಿಲ್ಲ, ಅಂದವರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಪಕ್ಷಕ್ಕೆ ಬೇಡದ ಮಸೂದೆಗಳಿಗೆ ಹಾಗೆ ಅನ್ನುವ ಹೇಡಿ ಕೆಲಸಕ್ಕೆ ಬರ್ನಾರ್ಡನಂಥ ಒಳ್ಳೆಯವನೇ ಬೇಕಾಗಿತ್ತು, ನೋಡಿ.

ಈ ಶುಕ್ರವಾರ ಅವನದೇ ಮಸೂದೆಯಿತ್ತು. ಅವನ ಕ್ಷೇತ್ರವಾದ ಮಾರ್ಲೆಯಲ್ಲಿ ಹೊಳೆ ದಾಟಿಸುವ ದೋಣಿಯನ್ನು ಯಾರೂ ನಿಲ್ಲಿಸಕೂಡದು ಎಂಬ ಪುಟ್ಟ ಮಸೂದೆ. ಅಧಿವೇಶನಕ್ಕೆ ಇದೇ ಕೊನೆಯ ಶುಕ್ರವಾರ. ಮುಂದಿನ ಚುನಾವಣೆಗೆ ಅವನು ನಿಲ್ಲುತ್ತಿಲ್ಲ. ಇದೊಂದು ಆದರೆ ಇಷ್ಟು ವರ್ಷ ಕೂತದ್ದಕ್ಕೂ ಅರ್ಥ ಬಂದೀತು ಎಂದುಕೊಂಡಿದ್ದ. ದೋಣಿ ನಡೆಸುವ ವಿನಿ ಟಕರ್ ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದಳು.

"ಇವತ್ತು ಯಾರೂ ಬಾಯಿ ಬಿಡಲ್ಲ ಕಣಯ್ಯಾ," ಎಂದು ಪಕ್ಷದ ಸಚೇತಕ ಜೆರಾಲ್ಡ್ ಊಟದ ಹೊತ್ತಿನಲ್ಲೇ ಬೆನ್ನು ತಟ್ಟಿದ್ದ. "ಆಕ್ಷೇಪಣೆ ಅನ್ನೋನು ನೀನೊಬ್ಬನೇ ತಾನೆ!"

ತಿಂದ ಮೀನಿನ ಪೈ ಹೊಟ್ಟೆಯಲ್ಲಿ ಭಾರವಾಗಿತ್ತು. ಚಾವಣಿಯ ಹಳದಿ ಬೆಳಕಿನಲ್ಲಿ ಎದುರಿನ ಹಸಿರು ಬೆಂಚುಗಳು ಮೆಲ್ಲಗೆ ಅಲುಗಿದವು, ನೀರಾದವು. ಹೊಳೆಯ ಮೇಲೆ ಮಂಜು. ವಿನಿ ಹುಟ್ಟು ಹಾಕುತ್ತಿದ್ದಳು. ಅವನು ಆಕ್ಷೇಪಣೆ ಎಂದು ಮುಗಿಸಿದ್ದ ಮಸೂದೆಗಳೆಲ್ಲ ಮಂಜಿನೊಳಗಿಂದ ತೇಲಿ ಬಂದವು: ಶಾಲೆ ಮಕ್ಕಳ ಬಿಸಿ ಹಾಲು, ಕುರುಡರ ನಾಯಿಗಳು, ಮುದುಕಿಯರ ಚಳಿಗಾಲದ ಕಲ್ಲಿದ್ದಲು. ಯಾವುದೂ ಬೈಯಲಿಲ್ಲ. ದೋಣಿಯಲ್ಲಿ ಚೂರು ಜಾಗ ಕೇಳಿದವು, ಅಷ್ಟೆ. ದೂರದಲ್ಲಿ ಯಾರೋ ಹೆಸರು ಓದುತ್ತಿದ್ದರು. ಬರ್ನಾರ್ಡನಿಗೆ ಕರುಳು ಚುರುಕ್ಕೆಂದಿತು. ಬನ್ನಿ, ಬನ್ನಿ ಎನ್ನಲು ಬಾಯಿ ತೆರೆದ.

"ಆಕ್ಷೇಪಣೆ!"

ತನ್ನ ದನಿಗೆ ತಾನೇ ಎಚ್ಚತ್ತ. ಮುಂದಿನ ಸಾಲಿನಿಂದ ಜೆರಾಲ್ಡ್ ಹಿಂತಿರುಗಿ ಬಾಯಿಬಿಟ್ಟು ನೋಡುತ್ತಿದ್ದ. ಗುಮಾಸ್ತ ಈಗಷ್ಟೇ ಓದಿದ್ದು ಮಾರ್ಲೆ ದೋಣಿಯ ಮಸೂದೆ.

"ಆಕ್ಷೇಪಣೆ ಬಂದಿದೆ. ಮುಂದೆ ಯಾವ ದಿನ?" ಸಭಾಧ್ಯಕ್ಷರು ಎಂದಿನಂತೆ ಕೇಳಿದರು.

ಹೇಳಲು ದಿನವೇ ಉಳಿದಿರಲಿಲ್ಲ. ಬರ್ನಾರ್ಡ್ ತಡಬಡಿಸಿ ಎದ್ದ; ಅಷ್ಟರಲ್ಲಿ ಗುಮಾಸ್ತ ಮುಂದಿನ ಹೆಸರಿಗೆ ಹೋಗಿದ್ದ.

ಹೊರಗೆ ವಿನಿ ಕಾಯುತ್ತಿದ್ದಳು. "ಯಾವ ಪಾಪಿ ಬರ್ನೀ ಅದು? ಮೇಲಿಂದ ಬರೀ ಬೋಳುತಲೆ ಕಾಣ್ತವೆ."

"ನಾನೇ, ವಿನಿ. ನಿದ್ದೆಗಣ್ಣಲ್ಲಿ... ನಾನೇ ಅಂದುಬಿಟ್ಟೆ."

ವಿನಿ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಎಂಥಾ ಮನುಷ್ಯನಪ್ಪ ನೀನು! ಯಾರದೋ ತಪ್ಪು ಮೈಮೇಲೆ ಹಾಕ್ಕೊಂಡು, ಇವತ್ತಿಗೂ ಜೊತೆಯವ್ರನ್ನ ಬಿಟ್ಟುಕೊಡಲ್ವಲ್ಲ."

"ದೇವರಾಣೆಗೂ ನಾನೇ ಕಣೇ."

"ಆಯ್ತು ಬಿಡು, ನೀನೇ. ಬೆಳಗ್ಗೆ ನಿಂಗೋಸ್ಕರ ಮಾಡಿದ್ದು, ತಗೋ," ಎಂದು ಚೀಲದಿಂದ ಶುಂಠಿ ಬಿಸ್ಕತ್ತು ತೆಗೆದು ಅವನ ಕೈಗಿಟ್ಟಳು. ನಾಚಿಕೆಯಿಂದ ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋದ. ಅವಳು ನೋಡುತ್ತಿದ್ದಳಲ್ಲ, ತಿನ್ನಲೇಬೇಕಾಯಿತು.