ಚೀನಾ ಪಿಚ್ಚರಿನ ಅಣ್ಣ

ಚೀನಾ ಪಿಚ್ಚರ್ ಎಂದರೆ ಗಡಿಯೂರು ಮತ್ತಿಗಿರಿಯ ಜನಕ್ಕೆ ಹೊಡೆದಾಟವೇ. ಟೆಂಟ್ ಸಿನಿಮಾದ ಆವುಲಪ್ಪ ಅದನ್ನೇ ನಂಬಿ ಸೇಲಂನಿಂದ ರೀಲಿನ ಡಬ್ಬ ತರಿಸಿದ್ದ. ಆಟವಿಲ್ಲದ ಒಂದು ಸಂಜೆ ಓಡಿಸಿ ನೋಡಿದರೆ ಒಂದೇ ಒಂದು ಏಟೂ ಇಲ್ಲ. ತಲೆಯ ಮೇಲೆ ಕೈ ಹೊತ್ತು ಕುಳಿತ.

"ಯಾರೋ ಹೊಸ ಡೈರೆಕ್ಟರಂತೆ, ಇದೇ ಮೊದಲ್ನೇ ಪಿಚ್ಚರಂತೆ. ಕೈಯಾಗೆ ಕಾಸಿಲ್ದೆ ಒಂದು ರೂಮು, ಮೂರು ಆಳು ಇಟ್ಕೊಂಡು ತೆಗ್ದವ್ನೆ. ನನ್ನ ಟೆಂಟ್ ಹರ್ದಾಕ್ತಾರೆ ಕಣಪ್ಪ."

"ಜನಾನ ಮಾತಿನಾಗೆ ನಾನು ಕೂರುಸ್ತೀನಿ, ಸುಮ್ಕಿರಣ್ಣ," ಎಂದ ನಾರಾಯಣಪ್ಪ.

ಹಗಲೆಲ್ಲ ಹೊಲದಲ್ಲಿ ದುಡಿಯುವ ನಾರಾಯಣಪ್ಪನಿಗೆ ಸಂಜೆಯ ಕೆಲಸವೇ ಅದು. ಪರಭಾಷೆಯ ಪಿಚ್ಚರ್ ಬಂದಾಗ ಪರದೆಯ ಪಕ್ಕ ಮೈಕು ಹಿಡಿದು ನಿಂತು, ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು, ಕನ್ನಡ, ತೆಲುಗು, ತಮಿಳು ಮೂರನ್ನೂ ಬೆರೆಸಿ ಕಥೆ ಹೇಳುವುದು. ಎಸ್ಸೆಸ್ಸೆಲ್ಸಿವರೆಗೆ ಓದಿದವನು ಆ ಸುತ್ತಿನಲ್ಲಿ ಅವನೊಬ್ಬನೇ. ಅವನು ಹೇಳಿದ್ದೇ ಕಥೆ.

ಪಿಚ್ಚರಿನಲ್ಲಿ ಇದ್ದವರು ದರ್ಜಿ ಕೆಲಸದ ಅಣ್ಣತಮ್ಮಂದಿರು. ತಮ್ಮನು ಊರಲ್ಲಿಲ್ಲದಾಗ, ತೀರಿಹೋದ ಅಪ್ಪನ ಹೊಲಿಗೆ ಮಿಷಿನ್ನನ್ನು ಅಣ್ಣ ಮಾರಿಬಿಟ್ಟಿದ್ದಾನೆ. ಅಂದಿನಿಂದ ಒಂದೇ ಕೋಣೆಯಲ್ಲಿದ್ದರೂ ಮಾತಿಲ್ಲ. ಕೊನೆಗೆ ಅಣ್ಣ ಅನ್ನದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ಮುಂದೆ ಬಗ್ಗುತ್ತಾನೆ. ಆಗ ಮೂಡುವ ಸಾಲು ಇಷ್ಟೆ: ನಿನಗಾಗಿ ಕಾಯಬೇಕಿತ್ತು, ನಾನು ಕಾಯಲಿಲ್ಲ, ತಪ್ಪು ನನ್ನದು.

ಆ ಸಾಲನ್ನು ಓದಿದಾಗ ನಾರಾಯಣಪ್ಪನಿಗೆ ತನ್ನ ತಮ್ಮ ನೆನಪಾದ. ಅವರ ತಾಯಿ ಅಕ್ಕಯಮ್ಮ ತೀರಿಕೊಂಡದ್ದು ವರ್ಷಗಳ ಹಿಂದೆ, ಮಾವಿನ ಕಾಲದಲ್ಲಿ. ತಮ್ಮ ಚಿನ್ನಪ್ಪ ಕಾಯಿ ಹೇರಿಕೊಂಡು ಕೃಷ್ಣಗಿರಿ ಮಂಡಿಗೆ ಹೋಗಿದ್ದ. ಹೇಳಿಕಳಿಸಿಯೂ ಆಗಿತ್ತು. ಆದರೆ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಊರಿನ ಹಿರಿಯರು ಹಟ ಹಿಡಿದರು. ದೊಡ್ಡ ಮಗ ಒಂದು ಮಾತು ಅಂದಿದ್ದರೆ ನಿಲ್ಲುತ್ತಿತ್ತು. ಅನ್ನಲಿಲ್ಲ. ಚಿನ್ನಪ್ಪ ಓಡಿ ಬಂದಾಗ ಗುಂಡಿ ಮುಚ್ಚಿತ್ತು. ತಾಯಿಯ ಮುಖ ಕಾಣದ ಅವನು ಅಣ್ಣನ ಮುಖವನ್ನೂ ನೋಡದೆ, ಸಾನಮಾವು ಕಾಡಿನ ಆಚೆ ಹೆಂಡತಿಯ ಊರು ಸೇರಿಬಿಟ್ಟ.

ಪಿಚ್ಚರ್ ಓಡಿಸಿ ನೋಡಿದ ಸಂಜೆ ಟೆಂಟಿನಲ್ಲಿ ನಾರಾಯಣಪ್ಪನ ಹೆಂಡತಿ ಮುನಿರತ್ನಮ್ಮನೂ ಇದ್ದಳು. ಕೊನೆಯ ಸಾಲನ್ನು ಗಂಡನಿಂದ ಕೇಳಿ ತಿಳಿದುಕೊಂಡು, ಮರುದಿನ ಬೆಳಗ್ಗೆಯೇ ಬಸ್ಸಿನ ಕಂಡಕ್ಟರನ ಕೈಲಿ ಮೈದುನನಿಗೆ ಹೇಳಿಕಳಿಸಿದಳು. "ನಿಮ್ಮಣ್ಣ ನಿನಗೊಂದು ಮಾತು ಹೇಳೋದೈತೆ, ಪಿಚ್ಚರ್‌ಗೆ ಬಾ."

"ಎದುರುಬದುರು ನಿಂತ್ರೆ ನಿಂಗೆ ಬಾಯಿ ಬರಾಕಿಲ್ಲ," ಎಂದಳು ಗಂಡನಿಗೆ. "ಮೈಕಲ್ಲಾದ್ರೂ ಹೇಳು. ಆ ಚೀನಾ ಅಣ್ಣ ಹೇಳ್ದಂಗೇ ಹೇಳು."

ಮೊದಲ ದಿನದ ಆಟಕ್ಕೆ ಚಿನ್ನಪ್ಪ ಬಂದ. ಟೆಂಟಿನ ಮರಳಿನ ಮೇಲೆ, ಅತ್ತಿಗೆಯ ಪಕ್ಕದಲ್ಲಿ ಕುಳಿತ. ಗಡ್ಡ ನೆರೆತಿತ್ತು. ನಾರಾಯಣಪ್ಪ ಮೈಕು ಕೈಗೆತ್ತಿಕೊಂಡ.

"ಏನಣ್ಣೋ, ಹೊಡ್ದಾಟ ಯಾವಾಗ?" ಬೆಂಚಿನ ಕಡೆಯಿಂದ ಕೂಗು ಬಂತು.

"ಇರ್ಲಾ, ಷರಟು ಹೊಲ್ದು ಮುಗೀಲಿ! ಬರೀ ಮೈಯಾಗೆ ಹೊಡ್ದಾಡಾಕಾಯ್ತದಾ?" ಎಂದ ನಾರಾಯಣಪ್ಪ ಮೈಕಿನಲ್ಲೇ.

ಟೆಂಟು ನಕ್ಕಿತು. ಅವನ ಮಾತಿಗೆ ಕಳೆ ಬಂತು. ಅಣ್ಣನಿಗೊಂದು ದನಿ, ತಮ್ಮನಿಗೊಂದು ದನಿ, ಪಕ್ಕದ ಮನೆಯ ಮುದುಕಿಗೊಂದು ದನಿ. ಜನ ಹೊಡೆದಾಟವನ್ನೇ ಮರೆತರು. ಚಿನ್ನಪ್ಪನೂ ಎರಡು ಸಲ ನಕ್ಕದ್ದು ಪರದೆಯ ಬೆಳಕಿನಲ್ಲಿ ಕಂಡಿತು.

ಕೊನೆಯ ರೀಲು ಬಂತು. ಅಣ್ಣ ಬಟ್ಟಲು ಹಿಡಿದು ಬಗ್ಗಿದ.

"ಥೂ, ತಮ್ಮನ ಕಾಲಿಗೆ ಬೀಳ್ತವ್ನಲ್ಲೋ!" ಯಾರೋ ಕೂಗಿದರು. "ಇವ್ನೂ ಒಬ್ಬ ಅಣ್ಣನಾ?"

ಮತ್ತೆ ನಗು. ಸಾಲು ಮೂಡಿತ್ತು. ನಾರಾಯಣಪ್ಪ ಅದನ್ನು ಪೂರ್ತಿ ಓದಿದ. ಊರಿಗೆ ಊರೇ ಕುಳಿತಿತ್ತು. ಅಂದು ತಾಯಿಯ ಹೆಣ ಹೊತ್ತವರೂ ಅದರಲ್ಲಿದ್ದರು. ಇವರ ನಗುವಿನ ನಡುವೆ ಆ ಮಾತು ತನ್ನ ಬಾಯಿಂದ ಬೀಳಬೇಕೆ ಅನ್ನಿಸಿತು.

"ಮಿಷಿನ್ ಮಾರಿದ್ದು ಮನೆತನಕ್ಕೋಸ್ಕರ ಕಣ್ಲಾ," ಎಂದ ಅಣ್ಣನ ದನಿಯಲ್ಲಿ. "ದೊಡ್ಡೋನು ನಾನು, ಮಾಡಿದ್ದು ಸರಿಯಾಗೇ ಐತೆ. ಮುನಿಸು ಬಿಟ್ಟು ಉಣ್ಣು."

"ಹಂಗನ್ನು!" ಎಂದು ಬೆಂಚಿನವರು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಅಣ್ಣ ಇನ್ನೂ ಬಗ್ಗಿಯೇ ಇದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಚಿನ್ನಪ್ಪ ಒಂದು ಗಳಿಗೆ ಆ ಮುಖವನ್ನು ನೋಡಿದ. ಆಮೇಲೆ ಮೈಕಿನ ಕಡೆ ನೋಡಿದ. ಎದ್ದು ಪಂಚೆಯ ಮರಳು ಕೊಡವಿಕೊಂಡು, ದೀಪ ಹತ್ತುವ ಮೊದಲೇ ಹೊರಟುಹೋದ.

ನಾರಾಯಣಪ್ಪ ಮೈಕು ಬಿಟ್ಟು ರಸ್ತೆಗೆ ಓಡಿ ಬರುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಹಿಂದೆಯೇ ಬಂದು ನಿಂತ ಮುನಿರತ್ನಮ್ಮ ಬಯ್ಯಲಿಲ್ಲ. "ಪಿಚ್ಚರಾಗೆ ಆವಯ್ಯ ಬಗ್ಗಿದ್ದು ಎಲ್ರಿಗೂ ಕಾಣ್ತಿತ್ತು," ಎಂದಳಷ್ಟೆ. "ಮಾತು ಬರ್ದಿರೋ ಕೂಸಿಗೂ ಕಾಣ್ತಿತ್ತು."

ಮರುದಿನ ಕಂಡಕ್ಟರು ಚಿನ್ನಪ್ಪನ ಉತ್ತರ ತಂದ. "ಅತ್ಗೆ, ಹೇಳೋದೈತೆ ಅಂದ್ರಿ. ಕೇಳ್ದೆ. ಇನ್ನು ಕರೀಬ್ಯಾಡಿ."

ಅಂದು ಎರಡನೆಯ ದಿನದ ಆಟ. ಹೊಡೆದಾಟವಿಲ್ಲವೆಂಬ ಸುದ್ದಿ ಹಬ್ಬಿ, ಅಲ್ಲೊಬ್ಬರು ಇಲ್ಲೊಬ್ಬರು ಕುಳಿತಿದ್ದರು. ನಾರಾಯಣಪ್ಪ ತಮಾಷೆಯ ಗೋಜಿಗೆ ಹೋಗಲಿಲ್ಲ. ಅಣ್ಣ ಬಗ್ಗಿದಾಗ, ಮೂಡಿದ ಸಾಲನ್ನು ಮೂಡಿದಂತೆಯೇ ಹೇಳಿದ. "ನಿಂಗೋಸ್ಕರ ಕಾಯ್ಬೇಕಿತ್ತು ಕಣಪ್ಪ. ನಾನು ಕಾಯ್ಲಿಲ್ಲ. ತಪ್ಪು ನಂದೇ." ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಟ ಬಿಟ್ಟ ಮೇಲೆ ರೀಲು ಸುತ್ತಿಡುತ್ತಾ ಆವುಲಪ್ಪ ಕೇಳಿದ, "ನಿನ್ನೆ ಬೇರೆ ಏನೋ ಅಂದಿದ್ಯಲ್ಲಪ್ಪ?"

"ನಿನ್ನೆ ಸುಳ್ಳು ಹೇಳ್ದೆ."

"ಹೋಗ್ಲಿ ಬಿಡು," ಎಂದು ಆವುಲಪ್ಪ ಡಬ್ಬ ಮುಚ್ಚಿದ. "ಚೀನಾ ಭಾಷೆ. ಯಾರಿಗೆ ಗೊತ್ತಾಯ್ತದೆ?"