ಬೆಂಕಿ ಕಂಡ ಕಾರ್ಬನ್ ಬಾಣ

ಗುಡೇಕೋಟೆಯ ಹುಲುಗಣ್ಣನಿಗೂ ಅವನ ಹೆಂಡತಿಯ ತಮ್ಮ ಕ್ರಾಂತಿಕುಮಾರನಿಗೂ ಎಣ್ಣೆ ಸೀಗೆಕಾಯಿ. ಇಬ್ಬರಿಗೂ ಬಿಲ್ವಿದ್ಯೆ ಗೊತ್ತು, ಇಬ್ಬರಿಗೂ ಬಾಯಿ ಜೋರು. ನಡುವೆ ಸಿಕ್ಕಿಬಿದ್ದವಳು ಹುಲುಗಣ್ಣನ ಮಗಳು ರೋಜಾ. ಹರಪನಹಳ್ಳಿಯ ಆಯ್ಕೆಯಲ್ಲಿ ಗೆದ್ದರೆ ರಾಜ್ಯ ತಂಡ. ಮುಂದಿನ ವರ್ಷ ವಯಸ್ಸು ಮೀರುತ್ತದೆ; ಆಗುವುದಾದರೆ ಈಗಲೇ, ಇಲ್ಲದಿದ್ದರೆ ಇಲ್ಲ.

ಅಪ್ಪ ಬಿದಿರಿನ ಬಾಣವೇ ಆಗಬೇಕು ಎನ್ನುತ್ತಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಬಿಲ್ವಿದ್ಯೆ ಕಲಿಸುವ ಮಾವ, "ನಿಮ್ಮಪ್ಪನ ಕಟಗಿ ಒಲಿಗೆ ಹಾಕು" ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದೇ ಬಳಗದಲ್ಲಿ ಇಬ್ಬರಿದ್ದರೆ ಮೊಲದ ಗತಿ ಏನಾಗಬೇಡ! ರೋಜಾ ಮಾವನ ಕಾರ್ಬನ್ ಬಾಣ ಆರಿಸಿಕೊಂಡಳು. ಹಗುರ, ದೂರಕ್ಕೆ ನೆಟ್ಟಗೆ ಹೋಗುತ್ತದೆ, ಅಷ್ಟೇ ಕಾರಣ. ಅವತ್ತಿನಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟ.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಬಾಣ ಹೊಸ್ತಿಲು ದಾಟುವ ಮೊದಲು ದೇವರ ಮುಂದಿನ ಕೆಂಡದ ಮೇಲೆ ಕಾಸಿ, ಮೊಣಕಾಲಿಗೆ ಒತ್ತಬೇಕು. ಬಿದಿರಾದರೆ ಬಿಸಿಗೆ ಸೊಟ್ಟ ತಿದ್ದಿಕೊಳ್ಳುತ್ತದೆ. ಆಯ್ಕೆಯ ದಿನ ಬೆಳಗ್ಗೆ ರೋಜಾ ಸ್ನಾನಕ್ಕೆ ಹೋದಾಗ ಹುಲುಗಣ್ಣ ಕಾರ್ಬನ್ ಬಾಣಗಳನ್ನೂ ಹಾಗೇ ಕಾಸಿ, ಒತ್ತಿ, ದೇವರ ಮುಂದಿನ ಅರಿಶಿನದ ಭಂಡಾರ ಹಚ್ಚಿಟ್ಟ. ಒಂದು ಮಾತು ಕೇಳಬೇಕು ಅಂತ ಆ ಪುಣ್ಯಾತ್ಮನಿಗೆ ಅನಿಸಲೇ ಇಲ್ಲ.

ಮೈದಾನದಲ್ಲಿ ಭಂಡಾರ ಕಂಡು ಅನುಮಾನ ಬಂದ ರೋಜಾ ಒಂದು ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಚಿಟಚಿಟ ಎಂದಿತು. ಇನ್ನೊಂದೂ ಹಾಗೇ, ಉಳಿದವೂ ಹಾಗೇ. ಕಾರ್ಬನ್ ಒಳಗೊಳಗೇ ಸೀಳಿದರೆ ಕಣ್ಣಿಗೆ ಕಾಣುವುದಿಲ್ಲ. ಹೆದೆ ಬಿಟ್ಟ ಕ್ಷಣ ಚೂರಾಗಿ, ಬಿಲ್ಲು ಹಿಡಿದ ಕೈಗೇ ನಾಟುತ್ತದೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಯ್ಕೆ ನೋಡಲು ಬಂದು ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ಏನ್ ಮಾಡೀಯಪ್ಪ ಇವಕ್ಕ?"

"ಬೆಂಕಿ ತೋರ್ಸೀನಿ. ಅಷ್ಟಕ್ಕ ಸೀಳೋದಾದ್ರ ಅದೆಂಥಾ ಬಾಣ? ಬಿದಿರಿನವು ತಂದೀನಿ, ತಗೋ."

ಮಾವ ನಡುವೆ ಬಂದ. "ಹೊಟ್ಟಿಕಿಚ್ಚಿಗೆ ಮಾಡ್ಯಾನ. ನೀ ಬಿದಿರು ಮುಟ್ಟಿದ್ರ ನಾಳಿಂದ ನನ್ನ ಹತ್ರ ಬರಬ್ಯಾಡ. ಏನೂ ಆಗಂಗಿಲ್ಲ, ಕಾರ್ಬನ್ನೇ ಹೊಡಿ."

ರೋಜಾ ಬಿಲ್ಲನ್ನು ಅವನ ಮುಂದೆ ಚಾಚಿದಳು. "ಹಂಗಾದ್ರ ಮೊದ್ಲು ನೀ ಒಂದು ಹೊಡಿ ಮಾವ."

ಮಾವನ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಅಪ್ಪ ನಕ್ಕ. ಮಗಳ ಕೈ ಹೋಗುತ್ತಿತ್ತಲ್ಲ ಎಂಬ ಅಳುಕು ಆ ನಗೆಯಲ್ಲಿ ಇರಲಿಲ್ಲ, ಭಾವಮೈದುನ ಸೋತ ಸಂತೋಷ ಮಾತ್ರ ಇತ್ತು. ಅವಳಿಗೆ ಇಬ್ಬರ ಮೇಲೂ ಹೇಸಿಗೆ ಬಂತು.

ಹೊಸಬರ ಅಭ್ಯಾಸಕ್ಕೆಂದು ಸಂಘಟಕರು ಇಟ್ಟಿದ್ದ ಅಲ್ಯುಮಿನಿಯಂ ಬಾಣಗಳ ಡಬ್ಬಿ ಮೂಲೆಯಲ್ಲಿತ್ತು. ಭಾರ, ಹಳೆಯವು. ಆದರೆ ಅಲ್ಯುಮಿನಿಯಂ ಕೆಟ್ಟರೆ ಸೊಟ್ಟಗಾಗಿ ಕಣ್ಣಿಗೆ ಕಾಣುತ್ತದೆ, ಒಳಗೊಂದು ಹೊರಗೊಂದು ಇಲ್ಲ. ಮೇಜಿನ ಮೇಲೆ ಉರುಳಿಸಿ, ಕುಣಿಯದೆ ನೆಟ್ಟಗೆ ಉರುಳಿದವುಗಳನ್ನು ಕೇಳಿ ತಂದಳು. ಮೊದಲ ಬಾಣ ಗುರಿಗಿಂತ ಕೆಳಕ್ಕೆ ಬಿತ್ತು. ಹಿಂದಿನಿಂದ ಅಪ್ಪ ಕೆಮ್ಮಿದ, ಮಾವ ಲೊಚಗುಟ್ಟಿದ. ಅವಳು ಹಲ್ಲು ಕಚ್ಚಿ ಗುರಿ ಏರಿಸಿ ಹೊಡೆಯುತ್ತಾ ಹೋದಳು. ಸಂಜೆ ಹೆಸರು ಕೂಗಿದಾಗ ತಂಡದಲ್ಲಿ ಕೊನೆಯ ಹೆಸರು ಅವಳದಾಗಿತ್ತು.

ಆಯ್ಕೆ ನಡೆಸಿದ ಅಜ್ಜಯ್ಯ ಮೇಷ್ಟ್ರು ಹತ್ತಿರ ಕರೆದರು. "ರಾಜ್ಯಮಟ್ಟಕ್ಕೆ ಮನೆಯವ್ರು ಒಬ್ರು ಜೊತಿಗೆ ಬರ್ಬೇಕವ್ವ. ಯಾರು ಬರ್ತಾರೆ?"

ಅಪ್ಪನೂ ಮಾವನೂ ಒಟ್ಟಿಗೇ ಮುಂದೆ ಬಂದರು.

"ಇವ್ರಿಬ್ರನ್ನ ಬಿಟ್ಟು ಯಾರು ಬಂದ್ರೂ ನಡೀತೈತ್ರಿ ಸರ್," ಎಂದಳು ರೋಜಾ.